ಮರಕ್ಕೆ 81 ರೂಪಾಯಿ

2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಚೆನ್ನೈಯನ್ನು ಮುಳುಗಿಸಿದಾಗ ತಮಿಳುನಾಡು ಸರ್ಕಾರ ಬಾಧಿತ ಕುಟುಂಬಗಳಿಗೆ 6,000 ರೂಪಾಯಿ ಘೋಷಿಸಿತು. ಎರಡು ವಾರ ಕಳೆಯುವಷ್ಟರಲ್ಲಿ ಪಡಿತರ ಅಂಗಡಿಗಳಲ್ಲಿ ನಗದು ವಿತರಣೆ ಶುರುವಾಯಿತು. ಈ ಊರಿನಲ್ಲಿರುವ ನಾವೆಲ್ಲ ಆ ಆರು ಸಾವಿರದ ಬಗ್ಗೆ ಬೇಕಾದಷ್ಟು ಜಗಳವಾಡಿದೆವು. ಅದೇ ಘೋಷಣೆಯಲ್ಲಿ ಇನ್ನೊಂದು ಸಾಲಿತ್ತು: ಬಹುವಾರ್ಷಿಕ ಬೆಳೆ ಮತ್ತು ಮರಗಳ ಹಾನಿಗೆ ಹೆಕ್ಟೇರಿಗೆ 18,000ದ ಬದಲು 22,500 ರೂಪಾಯಿ. ಅದರ ಮೇಲೆ ಜಗಳವಾಡಿದವರು ಕಡಿಮೆ. ಆಡಬೇಕಿತ್ತು.

ಈ 22,500 ತಮಿಳುನಾಡಿನ ಲೆಕ್ಕವಷ್ಟೇ ಅಲ್ಲ. 2022–26ರ ಅವಧಿಗೆ ಕೇಂದ್ರ ಗೃಹ ಸಚಿವಾಲಯ ವಿಪತ್ತು ಪರಿಹಾರ ನಿಧಿಗೆ ನಿಗದಿಪಡಿಸಿದ ದರವೂ ಅದೇ. ಬೆಳೆಹಾನಿ ಕನಿಷ್ಠ ಶೇ 33 ಇರಬೇಕು. ಎರಡು ಹೆಕ್ಟೇರಿಗಿಂತ ಹೆಚ್ಚಿಗೆ ಇಲ್ಲ.

ಈಗ ಒಂದು ಕಿತ್ತಳೆ ಅಥವಾ ನಿಂಬೆ ತೋಟ ತೆಗೆದುಕೊಳ್ಳಿ. ಆರು ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 277 ಗಿಡ. ಭಾಗಿಸಿ ನೋಡಿ: ಮರವೊಂದಕ್ಕೆ 81 ರೂಪಾಯಿ. ಕಿತ್ತಳೆ ಫಲ ಕೊಡಲು ನಾಲ್ಕೈದು ವರ್ಷ ಬೇಕು. ತುಂಬು ಫಸಲಿಗೆ ಇನ್ನೂ ಅಷ್ಟೇ ಕಾಯಬೇಕು. ಭತ್ತ ಹೋದರೆ ಮುಂದಿನ ಹಂಗಾಮು ಉಂಟು. ಮರ ಹೋದರೆ ಹೋಗುವುದು ಹತ್ತು ವರ್ಷ.

ನಾವು ಪರಿಹಾರ ಎನ್ನುವ ಈ ಹಣಕ್ಕೆ ಸರ್ಕಾರಿ ಕಡತದಲ್ಲಿರುವ ಹೆಸರು ‘ಇನ್‌ಪುಟ್ ಸಬ್ಸಿಡಿ’. ಅಂದರೆ ಬೀಜ, ಗೊಬ್ಬರಕ್ಕೆ ಕೈಸಹಾಯ. ಮತ್ತೆ ಬಿತ್ತುವವನಿಗೆ ಅದು ಸರಿ. ಬುಡಸಮೇತ ಉರುಳಿದ ಮರದ ಮುಂದೆ ನಿಂತವನಿಗೆ ಗೊಬ್ಬರದ ದುಡ್ಡು ಕೊಟ್ಟು ಏನು ಮಾಡೆನ್ನುತ್ತೀರಿ?

ಕರ್ನಾಟಕ 2025ರ ಸೆಪ್ಟೆಂಬರ್‌ನಲ್ಲಿ ತನ್ನ ಬೊಕ್ಕಸದಿಂದ ಹೆಕ್ಟೇರಿಗೆ 8,500 ಸೇರಿಸಿ ಬಹುವಾರ್ಷಿಕ ಬೆಳೆಗೆ 31,000 ಮಾಡಿತು. ಒಳ್ಳೆಯದೇ. ಅದೇ ಲೆಕ್ಕದಲ್ಲಿ ಮರಕ್ಕೆ 112 ರೂಪಾಯಿ. ಮೊತ್ತ ಬೆಳೆಯಿತು, ಅಳತೆಗೋಲು ಬದಲಾಗಲಿಲ್ಲ. ಕೊಡಗಿನಲ್ಲಿ ಕಾಫಿಯ ನಡುವೆ ನಿಂತ ಕಿತ್ತಳೆಗಂತೂ ತನ್ನದೆನ್ನುವ ಹೆಕ್ಟೇರೇ ಇಲ್ಲ. ಆ ಕಿತ್ತಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಕೊಟ್ಟ ಕಚೇರಿ ಇರುವುದು ಇಲ್ಲೇ, ಚೆನ್ನೈನ ಗಿಂಡಿಯಲ್ಲಿ. ಹಣ್ಣಿನ ಹೆಸರಿಗೆ ದಾಖಲೆ ಉಂಟು, ಮರಕ್ಕಿಲ್ಲ.

ಮರ ಎಣಿಸುತ್ತ ಕೂರಲು ಆಗುತ್ತದೆಯೇ ಎಂದು ಅಧಿಕಾರಿಗಳು ಕೇಳಬಹುದು. ಆಗುತ್ತದೆ. ರಸ್ತೆಗೋ ಕಾರ್ಖಾನೆಗೋ ಜಮೀನು ಬೇಕಾದಾಗ ಎಣಿಸುತ್ತೀರಲ್ಲ! 2013ರ ಭೂಸ್ವಾಧೀನ ಕಾಯ್ದೆಯ 29ನೇ ಕಲಂ ಮರಗಿಡಗಳ ಬೆಲೆ ಕಟ್ಟಲು ತೋಟಗಾರಿಕೆ ಬಲ್ಲವರ ನೆರವು ಪಡೆಯಬಹುದೆನ್ನುತ್ತದೆ. ಸರ್ಕಾರವೇ ಕಿತ್ತುಕೊಂಡರೆ ಮರಕ್ಕೆ ಬೆಲೆ. ಬಿರುಗಾಳಿ ಕಿತ್ತರೆ ಹೆಕ್ಟೇರಿನ ಚಿಲ್ಲರೆ. ಅಮೆರಿಕದಲ್ಲಿ ಇದಕ್ಕೆಂದೇ ‘ಟ್ರೀ ಅಸಿಸ್ಟೆನ್ಸ್ ಪ್ರೋಗ್ರಾಂ’ ಇದೆ: ಸತ್ತ ಮರಗಳ ಪ್ರಮಾಣ ನೋಡಿ ಮರುನಾಟಿಯ ವೆಚ್ಚದಲ್ಲಿ ಪಾಲು ಕೊಡುತ್ತದೆ.

ದುಡ್ಡೆಲ್ಲಿಂದ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಎಲ್ಲ ನಷ್ಟವನ್ನೂ ತುಂಬಿಕೊಡಿ ಎಂದು ಯಾರೂ ಕೇಳುತ್ತಿಲ್ಲ. ಉದುರಿದ ಫಸಲಿಗೆ ಒಂದು ದರ, ಸತ್ತ ಮರಕ್ಕೆ ವಯಸ್ಸು ನೋಡಿ ಇನ್ನೊಂದು ದರ. ಮರುನಾಟಿಯ ಹಣ ಗಿಡ ಬೇರೂರುವವರೆಗೆ ಕಂತಿನಲ್ಲಿ. ಇಷ್ಟು ಸಾಕು. ಕೋಯಂಬೇಡು ಮಾರುಕಟ್ಟೆಯಲ್ಲಿ ನಿಂಬೆಯ ದರ ಏರಿದಾಗ ಗೊಣಗುವ ನಗರದವರಾದ ನಾವು, ಮುಂದಿನ ಮಾರ್ಗಸೂಚಿ ಬರೆಯುವವರಿಗೆ ಕೇಳಬೇಕಾದದ್ದು ಒಂದೇ: ಹೆಕ್ಟೇರ್ ಅಳೆಯುವುದನ್ನು ಬಿಟ್ಟು ಮರ ಎಣಿಸಿ.