ಬಣ್ಣಗುರುಡು ಮತ್ತು ನಮ್ಮ ಪಾಠಶಾಲೆಗಳು

‘ಬಣ್ಣಗುರುಡು’ ಎಂಬ ಮಾತನ್ನು ಕೇಳಿದೊಡನೆ, ಆ ವ್ಯಕ್ತಿಗೆ ಲೋಕವೆಲ್ಲ ಕಪ್ಪು ಬಿಳುಪಾಗಿ ತೋರುವುದೆಂದು ಅನೇಕರು ಭಾವಿಸುತ್ತಾರೆ. ಇದು ತಪ್ಪು. ಯಾವ ಬಣ್ಣವೂ ಕಾಣದವರು ಅತಿ ವಿರಳ. ಮಿಕ್ಕವರಿಗೆ ಬಣ್ಣಗಳುಂಟು, ಅವುಗಳಲ್ಲಿ ಕೆಲವನ್ನು ಒಂದರಿಂದೊಂದು ಬೇರ್ಪಡಿಸಲಾರರು, ಅಷ್ಟೆ. ಈ ಕೊರತೆಯನ್ನು ಶಾಲೆಯಲ್ಲಿಯೇ ಕಂಡುಹಿಡಿಯಬೇಕೆಂಬುದು ನಮ್ಮ ಅಭಿಪ್ರಾಯ.

ಕಣ್ಣಿನ ಅಕ್ಷಿಪಟಲದಲ್ಲಿ ಶಂಕುವಿನಾಕಾರದ ಕೋಶಗಳು ಮೂರು ಬಗೆ. ಇವು ಕ್ರಮವಾಗಿ ದೀರ್ಘ, ಮಧ್ಯಮ ಮತ್ತು ಹ್ರಸ್ವ ಅಲೆಗಳ ಬೆಳಕಿಗೆ ಹೆಚ್ಚಾಗಿ ಸ್ಪಂದಿಸುತ್ತವೆ. ಮೂರರ ಸ್ಪಂದನಗಳನ್ನು ಹೋಲಿಸಿದಾಗ ಬಣ್ಣದ ಅರಿವು ಮೂಡುತ್ತದೆ. ಮೊದಲನೆಯ ಬಗೆ ಇಲ್ಲದವನಿಗೆ ಕೆಂಪು ಮಂಕಾಗಿ ತೋರುತ್ತದೆ, ಹಸುರಿನೊಡನೆ ಬೆರೆತುಹೋಗುತ್ತದೆ. ಎರಡನೆಯದು ಇಲ್ಲದವನಿಗೂ ಕೆಂಪು ಹಸುರುಗಳ ಗೊಂದಲವೇ, ಆದರೆ ಕೆಂಪು ಅಷ್ಟು ಮಂಕಾಗದು. ಮೂರನೆಯದರ ಕೊರತೆಯಿಂದ ನೀಲಿ ಹಸುರುಗಳ ಭೇದ ಅಳಿಯುತ್ತದೆ, ಇದು ಅಪರೂಪ. ಬಹುಮಂದಿಯಲ್ಲಿ ಮೂರು ಬಗೆಯ ಕೋಶಗಳೂ ಇದ್ದು, ಒಂದರ ಸ್ಪಂದನ ಮಾತ್ರ ತುಸು ಪಲ್ಲಟಗೊಂಡಿರುತ್ತದೆ.

ಕೆಂಪು ಹಸುರುಗಳಿಗೆ ಸಂಬಂಧಿಸಿದ ಜೀನ್‌ಗಳು ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹುಡುಗನಿಗೆ ಅದು ತಾಯಿಯಿಂದ ಬಂದದ್ದು ಒಂದೇ; ಅದು ದೋಷಯುಕ್ತವಾದರೆ ಬೇರೆ ಆಸರೆಯಿಲ್ಲ. ಹುಡುಗಿಗೆ ಎರಡು ಇರುವುದರಿಂದ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಆದುದರಿಂದಲೇ ಉತ್ತರ ಯೂರೋಪು ಮೂಲದ ಪುರುಷರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಈ ದೋಷವಿದ್ದರೆ, ಸ್ತ್ರೀಯರಲ್ಲಿ ಇನ್ನೂರಕ್ಕೆ ಒಬ್ಬರಿಗೆ ಮಾತ್ರ. ಏಷ್ಯದ ಜನರಲ್ಲಿ ಪ್ರಮಾಣ ಇನ್ನೂ ಕಡಮೆ. ವಯಸ್ಸಾದಂತೆ, ಕಣ್ಣಿನ ರೋಗಗಳಿಂದ, ಕೆಲವು ಔಷಧಗಳಿಂದಲೂ ವರ್ಣದೃಷ್ಟಿ ಕೆಡುವುದುಂಟು.

ಹುಟ್ಟಿನಿಂದ ಬಂದ ದೋಷ ಹೊತ್ತವನಿಗೇ ತಿಳಿಯದು. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ನನಂಥ ಸೂಕ್ಷ್ಮದರ್ಶಿಗೂ ಅದು ತಿಳಿದದ್ದು 1792ರಲ್ಲಿ, 26ರ ವಯಸ್ಸಿನಲ್ಲಿ! ತನ್ನ ಕಣ್ಣಿನೊಳಗಿನ ದ್ರವ ನೀಲಿಯಿರಬೇಕೆಂದು ಆತ ಊಹಿಸಿದ. 1844ರಲ್ಲಿ ಆತ ತೀರಿಕೊಂಡ ಮೇಲೆ ನೋಡಿದರೆ ದ್ರವ ತಿಳಿಯಾಗಿತ್ತು. ಕಾಪಾಡಿದ್ದ ಆ ಕಣ್ಣಿನ ಡಿಎನ್ಎಯನ್ನು 1995ರಲ್ಲಿ ಪರೀಕ್ಷಿಸಿದಾಗ, ಆತನಲ್ಲಿ ಮಧ್ಯಮ ಅಲೆಗಳ ಜೀನ್ ಇರಲಿಲ್ಲವೆಂದು ಗೊತ್ತಾಯಿತು.

ಡಾಲ್ಟನ್ನನಿಗೇ ಹೀಗಾದರೆ ಹತ್ತು ವರ್ಷದ ಮಗುವಿನ ಪಾಡೇನು? ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ರೆಸಿಸ್ಟರಿನ ಕೆಂಪು ಪಟ್ಟಿ 2 ಎಂದೂ ಹಸುರು ಪಟ್ಟಿ 5 ಎಂದೂ ನಾವು ಕಲಿಸುತ್ತೇವೆ. ಆ ಭೇದ ತೋರದ ಹುಡುಗ ತಪ್ಪು ಬರೆದರೆ ಅಜಾಗರೂಕನೆಂದು ಗದರುತ್ತೇವೆ. ಅವನ ಕೈಗೊಂದು ಮಲ್ಟಿಮೀಟರು ಕೊಟ್ಟರೆ ಸಾಕಾಗಿತ್ತು! ರಸಾಯನಶಾಸ್ತ್ರದಲ್ಲಿ ದ್ರಾವಣದ ಬಣ್ಣ ತಿರುಗುವುದನ್ನು ಜೊತೆಗಾರ ಹೇಳಬಹುದು. ನಕ್ಷೆಯ ಗೆರೆಗಳನ್ನು ಬಣ್ಣದಿಂದಲ್ಲದೆ ಚುಕ್ಕೆ ಅಡ್ಡಗೆರೆಗಳಿಂದಲೂ ಗುರುತಿಸಬಹುದು.

ರೈಲುಬಂಡಿ ನಡೆಸುವಂಥ ಕೆಲಸಗಳಿಗೆ ಬಣ್ಣದ ಪೂರ್ಣ ಅರಿವು ಬೇಕೆಂಬುದು ನಿಜ. ಆದರೆ ಆ ಕಾರಣ ಎಲ್ಲ ಬಾಗಿಲುಗಳನ್ನೂ ಮುಚ್ಚಲಾರದು. ಅಲ್ಪ ಮತ್ತು ಮಧ್ಯಮ ಪ್ರಮಾಣದ ದೋಷವುಳ್ಳವರಿಗೂ ವಾಹನ ಚಾಲನೆಯ ಪರವಾನಗಿ ದೊರೆಯುವಂತೆ 2020ರಲ್ಲಿ ನಮ್ಮ ದೇಶದ ನಿಯಮ ತಿದ್ದಲ್ಪಟ್ಟಿತು. ಪುಣೆಯ ಚಲನಚಿತ್ರ ಸಂಸ್ಥೆಯ ಯಾವ ಪಾಠಕ್ರಮದಿಂದಲೂ ಇಂಥವರನ್ನು ಹೊರಗಿಡಬಾರದೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಜಪಾನಿನ ಇಶಿಹಾರ 1917ರಲ್ಲಿ ಪ್ರಕಟಿಸಿದ ಚುಕ್ಕೆಚಿತ್ರಗಳಿಂದ ಕೆಂಪು ಹಸುರುಗಳ ದೋಷ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಪ್ರತಿ ಶಾಲೆಯೂ ಮಕ್ಕಳಿಗೆ ಒಮ್ಮೆ ಈ ಪರೀಕ್ಷೆ ನಡೆಸಲಿ. ಸಂದೇಹವುಳ್ಳ ವಿದ್ಯಾರ್ಥಿಗಳು ನಾಚದೆ ಕಣ್ಣಿನ ವೈದ್ಯರನ್ನು ಕಾಣಲಿ. ಉದ್ಯೋಗದ ಬಾಗಿಲಿನಲ್ಲಿ ನಿಂತಾಗ ತಿಳಿದು ಎದೆಗುಂದುವುದಕ್ಕಿಂತ, ದಾರಿ ಆರಿಸಿಕೊಳ್ಳುವ ಮೊದಲೇ ತಿಳಿದಿರುವುದು ಲೇಸು.