ಮಳೆ ಅಳೆಯುವ ನಾವು ಹತ್ತುಮೀನನ್ನೂ ಎಣಿಸೋಣ

ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗೆ ಹೋದರೆ ಅಂಗಳದಲ್ಲಿ ಮಳೆಮಾಪಕ ಕಾಣುತ್ತದೆ. ಒಳಗೆ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಇವತ್ತು ಎರಡು ಇಂಚು, ನಿನ್ನೆ ಮೂರೂವರೆ ಇಂಚು ಎಂದು ಬರೆದಿರುತ್ತದೆ. ಕೆಲವರ ಹತ್ತಿರ ಅಪ್ಪ, ಅಜ್ಜನ ಕಾಲದ ಡೈರಿಯೂ ಇದೆ. ಇದಕ್ಕೆ ಯಾರೂ ಸಂಬಳ ಕೊಟ್ಟಿಲ್ಲ, ಸರ್ಕಾರ ಆದೇಶ ಮಾಡಿಲ್ಲ. ಆದರೂ "ಈ ಸಲ ಮಳೆ ಕಡಿಮೆ" ಎಂದು ಯಾರಾದರೂ ಹೇಳಿದರೆ ಡೈರಿ ತೆಗೆದು ಎಷ್ಟು ಕಡಿಮೆ ಎಂದು ಲೆಕ್ಕ ಕೊಡುತ್ತಾರೆ.

ಅದೇ ಜನ "ಹತ್ತುಮೀನು ಮೊದಲಿನಷ್ಟು ಬರ್ತಿಲ್ಲ ಮಾರಾಯ" ಅಂತಲೂ ಹೇಳುತ್ತಾರೆ. ಮೊದಲು ಎಷ್ಟು ಬರುತ್ತಿತ್ತು, ಈಗ ಎಷ್ಟು ಎಂದು ಕೇಳಿದರೆ ಮಾತ್ರ ತೋರಿಸಲು ಡೈರಿ ಇಲ್ಲ.

ಬಯಲುಸೀಮೆಯ ಓದುಗರಿಗೆ ಒಂದು ಮಾತು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆ ಕೆಂಪಾಗಿ ಏರಿದಾಗ, ಮೊಟ್ಟೆ ತುಂಬಿದ ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ನೀರಿನ ಎದುರು ಹತ್ತುತ್ತವೆ. ಆಳವಿಲ್ಲದ ಹೊಸ ನೀರಿನಲ್ಲಿ ಮೊಟ್ಟೆಯಿಟ್ಟು ವಾಪಸು ಹೋಗುತ್ತವೆ. ಇದೇ ಹತ್ತುಮೀನು. ತುಳುನಾಡಿನಲ್ಲಿ ಉಬರ್ ಎನ್ನುತ್ತಾರೆ, ಕೇರಳದವರು ಊತ್ತ ಎನ್ನುತ್ತಾರೆ. ಆ ರಾತ್ರಿಗಳಲ್ಲಿ ಬ್ಯಾಟರಿ, ಕತ್ತಿ, ಕೂಣಿ ಹಿಡಿದು ಊರಿಗೆ ಊರೇ ಹಳ್ಳಕ್ಕೆ ಇಳಿಯುವುದೂ ಹಳೆಯದೇ. ಒಂದು ಹೆಣ್ಣು ಮೀನಿನ ಹೊಟ್ಟೆಯಲ್ಲಿ ಸಾವಿರಾರು ಮೊಟ್ಟೆ ಇರುತ್ತವೆ. ಅದನ್ನು ಹತ್ತುವಾಗಲೇ ಹೊಡೆದರೆ ಮುಂದಿನ ವರ್ಷದ ಮೀನನ್ನೂ ಹೊಡೆದ ಹಾಗೆ.

ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಸಂತಾನೋತ್ಪತ್ತಿ ಸಮಯದಲ್ಲಿ ಮೀನು ಹಿಡಿಯಬೇಡಿ ಎಂಬ ಪ್ರಕಟಣೆ ಬರುತ್ತದೆ. ನಮ್ಮಂಥ ವರದಿಗಾರರು ಅದನ್ನು ಕಳಿಸುತ್ತೇವೆ, ಒಳಪುಟದಲ್ಲಿ ನಾಲ್ಕು ಸಾಲು ಅಚ್ಚಾಗುತ್ತದೆ. ಅದೇ ವಾರ ವಾಟ್ಸಾಪಿನಲ್ಲಿ ಬುಟ್ಟಿ ತುಂಬ ಮೀನಿನ ಫೋಟೋ ಓಡಾಡುತ್ತದೆ. ಆಮೇಲೆ ವಾದ. ಬೇಟೆಗಾರರಿಂದಲೇ ಹಾಳಾಯಿತು ಎಂದು ಒಬ್ಬರು, ಕಿಂಡಿ ಅಣೆಕಟ್ಟಿನಿಂದ ಎಂದು ಇನ್ನೊಬ್ಬರು, ಮರಳು ತೆಗೆದದ್ದರಿಂದ ಎಂದು ಮತ್ತೊಬ್ಬರು, ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದಿಂದ ಎಂದು ಮಗದೊಬ್ಬರು. ಎಲ್ಲರ ಮಾತಿನಲ್ಲೂ ಸ್ವಲ್ಪ ನಿಜ ಇರಬಹುದು. ಆದರೆ ನಮ್ಮ ಹಳ್ಳಕ್ಕೆ ಯಾವುದು ಹೆಚ್ಚು ಹೊಡೆತ ಕೊಟ್ಟಿದೆ ಎಂಬುದು ಲೆಕ್ಕವಿಲ್ಲದೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಈ ಕೆಲಸ ನಾವೇ ಮಾಡಬೇಕು ಎನ್ನುವುದು ನನ್ನ ಅಭಿಪ್ರಾಯ. ಬೇರೆ ಕಡೆ ಮಾಮೂಲಿ ಜನರೇ ಇದನ್ನು ಮಾಡಿ ತೋರಿಸಿದ್ದಾರೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹೆರಿಂಗ್ ಎಂಬ ಮೀನು ಪ್ರತಿ ವಸಂತದಲ್ಲಿ ಸಮುದ್ರದಿಂದ ಹೊಳೆಗೆ ಹತ್ತಿ ಮೊಟ್ಟೆಯಿಡುತ್ತದೆ. ಅದು ತೀರಾ ಕಡಿಮೆಯಾಯಿತೆಂದು 2006ರಿಂದ ಅಲ್ಲಿ ಹಿಡಿಯುವುದಕ್ಕೆ ನಿಷೇಧ ಬಂತು. ಅಲ್ಲಿನ ಹಲವು ಹೊಳೆಗಳಲ್ಲಿ ಮೀನು ಎಣಿಸುವವರು ಶಿಕ್ಷಕರು, ನಿವೃತ್ತರು, ವಿದ್ಯಾರ್ಥಿಗಳು. ಬಾಸ್ಟನ್ ಹತ್ತಿರದ ಮಿಸ್ಟಿಕ್ ನದಿಯಲ್ಲಿ ಅಣೆಕಟ್ಟಿಗೆ ಮೀನು ಹತ್ತುವ ಮೆಟ್ಟಿಲು ಕಟ್ಟಿ, 2012ರಲ್ಲಿ ಸ್ವಯಂಸೇವಕರ ಎಣಿಕೆ ಶುರು ಮಾಡಿದರು. ಆ ವರ್ಷದ ಅಂದಾಜು ಸುಮಾರು 2 ಲಕ್ಷ ಮೀನು. 2019ರ ಹೊತ್ತಿಗೆ ಅದು 7 ಲಕ್ಷ ದಾಟಿತ್ತು. ದಾರಿ ಬಿಟ್ಟುಕೊಟ್ಟರೆ ಮೀನು ಬರುತ್ತದೆ ಎಂದು ಹೇಳಲು ಅವರ ಕೈಯಲ್ಲಿ ಪುರಾವೆ ಇದೆ.

ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದ್ದು ಇನ್ನೂ ಸುಲಭ. ಅಲ್ಲಿನ ಕಾಲುವೆಯ ಗೇಟಿನ ಬಳಿ ನೀರೊಳಗೆ ಕ್ಯಾಮೆರಾ ಇಟ್ಟು, 2021ರಿಂದ ಇಂಟರ್ನೆಟ್ಟಿನಲ್ಲಿ ನೇರ ತೋರಿಸುತ್ತಾರೆ. ಗೇಟಿನ ಮುಂದೆ ಮೀನು ಕಾಯುತ್ತಿರುವುದು ಕಂಡರೆ ಪ್ರಪಂಚದ ಯಾವ ಮೂಲೆಯಲ್ಲಿ ಕೂತವರೂ ಗುಂಡಿ ಒತ್ತಬಹುದು. ಅದನ್ನು ನೋಡಿ ಗೇಟು ತೆರೆಯುತ್ತಾರೆ. ಮೀನಿಗೊಂದು ಕಾಲಿಂಗ್ ಬೆಲ್.

ನಮ್ಮಲ್ಲಿ ಕ್ಯಾಮೆರಾ ಬೇಡ. ಮ್ಯಾಸಚೂಸೆಟ್ಸಿನವರ ಕ್ರಮ ಸಾಕು. ಒಂದೇ ಜಾಗ, ಪ್ರತಿ ಸಲ 10 ನಿಮಿಷ, ದಿನದ ಬೇರೆ ಬೇರೆ ಹೊತ್ತು. ಎಷ್ಟು ಮೀನು ಮೇಲೆ ಹೋಯಿತು ಎಂದು ಬರೆಯುವುದು. ಒಂದೂ ಬರಲಿಲ್ಲವೆಂದರೆ ಸೊನ್ನೆ ಎಂದು ಬರೆಯಲೇಬೇಕು. ಮೀನು ಕಂಡಾಗ ಮಾತ್ರ ಬರೆದರೆ ಲೆಕ್ಕ ಸುಳ್ಳಾಗುತ್ತದೆ. ಮಳೆ ಇಲ್ಲದ ದಿನ ಮಾಪಕದಲ್ಲಿ ಸೊನ್ನೆ ಬರೆಯುತ್ತೇವಲ್ಲ, ಹಾಗೆಯೇ.

"ನಮ್ಮ ಹಳ್ಳದ ನೀರು ಚಹಾದ ಹಾಗೆ ಇರುತ್ತೆ, ಮೀನು ಕಾಣೋದು ಹೇಗೆ?" ಎಂದು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಅದಕ್ಕೇ ಜಾಗ ಆರಿಸಬೇಕು. ರಸ್ತೆಯ ಮೋರಿ, ಕಿಂಡಿ ಅಣೆಕಟ್ಟಿನ ಅಂಚು, ಗದ್ದೆಯಿಂದ ನೀರು ತೆಳ್ಳಗೆ ಬೀಳುವ ಕಡೆ ಮೀನು ನೆಗೆಯುವುದು ಕಾಣುತ್ತದೆ. ನೆಗೆತ ಎಣಿಸಿದರೂ ಸಾಕು. ಹಳ್ಳದ ಒಟ್ಟು ಮೀನು ಇದರಿಂದ ಗೊತ್ತಾಗುವುದಿಲ್ಲ. ಆದರೆ ಅದೇ ಜಾಗದಲ್ಲಿ, ಅದೇ ಕ್ರಮದಲ್ಲಿ ಐದು ವರ್ಷ ಎಣಿಸಿದರೆ ಏರಿತೋ ಇಳಿಯಿತೋ ಗೊತ್ತಾಗುತ್ತದೆ. ನಮಗೆ ಬೇಕಾದದ್ದು ಅಷ್ಟೇ.

ಇದರಿಂದ ಯಾರಿಗೆ ಲಾಭ? ಕಿಂಡಿ ಅಣೆಕಟ್ಟನ್ನೇ ತೆಗೆದುಕೊಳ್ಳಿ. ಮಳೆಗಾಲ ಮುಗಿದ ಮೇಲೆ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ, ಮುಂಗಾರಿಗೆ ಮೊದಲು ತೆಗೆಯಬೇಕು. ತೆಗೆಯುವುದು ತಡವಾದರೆ ಹತ್ತುಮೀನಿಗೆ ಅದು ಗೋಡೆ. ಮೇಲೆ ಹೋಗಲಾರದೆ ಕೆಳಗೆ ಗುಂಪುಗೂಡಿದ ಮೀನನ್ನು ಹಿಡಿಯುವುದು ಸುಲಭ. ಆಗ ಕೇಸು ಬೀಳುವುದು ಕೂಣಿ ಹಾಕಿದ ಬಡವನ ಮೇಲೆ. ಹಲಗೆ ತೆಗೆಯದವರನ್ನು ಯಾರೂ ಕೇಳುವುದಿಲ್ಲ. ಅಣೆಕಟ್ಟಿನ ಕೆಳಗೆ ಇಷ್ಟು ಮೀನು, ಮೇಲೆ ಸೊನ್ನೆ ಎಂಬ ದಿನಾಂಕ ಸಹಿತ ಲೆಕ್ಕ ಕೈಯಲ್ಲಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಬಹುದು. ವರದಿಗಾರನಾಗಿ ಹೇಳುತ್ತೇನೆ, "ಮೀನು ಕಡಿಮೆಯಾಗಿದೆ ಎಂದು ಗ್ರಾಮಸ್ಥರು ದೂರಿದ್ದಾರೆ" ಎಂಬ ಸುದ್ದಿಗೆ ಯಾವ ಅಧಿಕಾರಿಯೂ ಉತ್ತರ ಕೊಡುವುದಿಲ್ಲ. ಅಂಕಿ ಇದ್ದರೆ ಉತ್ತರ ಕೊಡಬೇಕಾಗುತ್ತದೆ.

ಲೆಕ್ಕ ಇಡಲು ಜಾಗವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಮರ, ಪ್ರಾಣಿಗಳ ಜನತಾ ದಾಖಲಾತಿ ಇರಬೇಕು. ನಿಮ್ಮ ಎಣಿಕೆಯ ಪ್ರತಿಯನ್ನು ಪಿಡಿಒಗೆ ಕೊಟ್ಟು, ಅದರಲ್ಲಿ ಸೇರಿಸಿ ಎಂದು ಸ್ವೀಕೃತಿ ಪಡೆಯಿರಿ.

ಒಂದು ಭಯ ನನಗೂ ಇದೆ. ಮೀನು ಎಲ್ಲಿ ಹತ್ತುತ್ತಿದೆ ಎಂದು ಅವತ್ತೇ ಗ್ರೂಪಿಗೆ ಹಾಕಿದರೆ ರಾತ್ರಿಗೆ ಅಲ್ಲಿ ಜಾತ್ರೆಯಾಗುತ್ತದೆ. ಆದ್ದರಿಂದ ಹತ್ತುವ ಕಾಲ ಮುಗಿಯುವವರೆಗೆ ಫೋಟೋ ಬೇಡ, ಲೊಕೇಶನ್ ಬೇಡ. ಲೆಕ್ಕವನ್ನು ಆಗಸ್ಟಿನಲ್ಲಿ ಹೊರಗೆ ಬಿಡಿ. ಇನ್ನೊಂದು ಮುಖ್ಯ ಮಾತು, ಮಳೆಗಾಲದ ಹಳ್ಳ ಯಾವಾಗ ಏರುತ್ತದೆ ಎಂದು ಹೇಳಲಾಗದು. ನೀರಿಗೆ ಇಳಿಯಬೇಡಿ, ಸೇತುವೆ ಅಥವಾ ದಂಡೆಯಿಂದಲೇ ನೋಡಿ. ಒಬ್ಬರೇ ಹೋಗಬೇಡಿ, ಮಕ್ಕಳನ್ನು ಹಗಲಲ್ಲೂ ದೊಡ್ಡವರ ಜೊತೆಗೇ ಕರೆದೊಯ್ಯಿರಿ.

ಮೀನನ್ನು ಕಾಯುವುದು ನಮಗೆ ಹೊಸದಲ್ಲ. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಇವತ್ತಿಗೂ ಯಾರೂ ಗಾಳ ಹಾಕುವುದಿಲ್ಲ. ಶಿಶಿಲದಲ್ಲಿ ಹಿಂದೆ ವಿಷಕ್ಕೆ ಸತ್ತ ಮೀನುಗಳಿಗೆ ಊರವರು ಸ್ಮಾರಕವನ್ನೇ ಕಟ್ಟಿದ್ದಾರೆ. ದೇವಸ್ಥಾನದ ಮಡುವಿನಲ್ಲಿ ಇರುವ ಆ ಕಾಳಜಿ ನಮ್ಮ ಮನೆ ಹಿಂದಿನ ಹಳ್ಳಕ್ಕೂ ಸಲ್ಲಬೇಕು.

ಈ ಮುಂಗಾರಿಗೆ ನಿಮ್ಮೂರಲ್ಲಿ ನಾಲ್ಕು ಜನ ಸೇರಿ ಒಂದು ಮೋರಿ ಗುರುತು ಮಾಡಿಕೊಳ್ಳಿ. ದಿನಾಂಕ, ಹೊತ್ತು, ಮಳೆ ಎಷ್ಟು, ಮೀನು ಎಷ್ಟು ಎಂದು ನಾಲ್ಕು ಗೆರೆ ಹಾಕಿದ ನೋಟ್‌ಬುಕ್ ಸಾಕು. ಮೀನಿನ ಜಾತಿ ಗೊತ್ತಿಲ್ಲದಿದ್ದರೆ ನಿಮ್ಮೂರಿನಲ್ಲಿ ಕರೆಯುವ ಹೆಸರನ್ನೇ ಬರೆಯಿರಿ. ಮಳೆಯ ಲೆಕ್ಕ ಬರೆಯುವ ಹಿರಿಯರು ಯಾರಾದರೂ ನಿಮ್ಮ ಕೇರಿಯಲ್ಲಿದ್ದರೆ ಮೊದಲು ಅವರನ್ನೇ ಕೇಳಿ, ಅವರು ಇಲ್ಲ ಎನ್ನಲಿಕ್ಕಿಲ್ಲ.