ವಾಯಿದೆಯ ಸುದ್ದಿ ಯಾರ ಮೊಬೈಲಿಗೆ?



“ಎಲ್ಲಾ ಆನ್‌ಲೈನ್‌ನಲ್ಲಿದೆ, ಮನೆಯಲ್ಲೇ ನೋಡಿಕೊಳ್ಳಮ್ಮ” ಎಂಬ ಮಾತು ಈಗ ವಕೀಲರ ಗುಮಾಸ್ತರಿಂದ ಹಿಡಿದು ಕಚೇರಿಯ ಜವಾನರವರೆಗೆ ಎಲ್ಲರ ಬಾಯಲ್ಲೂ ಇದೆ. ಗುಬ್ಬಿಯಿಂದಲೋ ಕುಣಿಗಲ್‌ನಿಂದಲೋ ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳನ್ನು ಕೆಲಸದಿಂದ ತೆಗೆದಿದ್ದಾರೆ, ಆಕೆ ಕೇಸು ಹಾಕಿದ್ದಾಳೆ ಎನ್ನೋಣ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸಿಗೆ ಕಾಸು ಬೇಡ, ನಿಜ. ವಾಯಿದೆ ಕೇಳಲೆಂದೇ ತುಮಕೂರಿಗೆ ಬಂದು ಕಳೆದುಕೊಂಡ ಕೂಲಿಯನ್ನು ಕೊಡುವವರಾರು? ಆ ಓಡಾಟ ತಪ್ಪಿದರೆ ಒಳ್ಳೆಯದೇ.

ಆದರೆ ಮನೆಯಲ್ಲಿರುವ ಮೊಬೈಲು ಯಾರದು? ಅರ್ಜಿಯಲ್ಲಿ ಬರೆಸಿದ ನಂಬರು ಯಾರದು? ಎಷ್ಟೋ ಮನೆಗಳಲ್ಲಿ ಗಂಡನದು, ಇಲ್ಲವೇ ಮಗನದು. ಸಂದೇಶ ಅವರಿಗೆ ಬರುತ್ತದೆ, ಹೇಳಬೇಕೆನಿಸಿದರೆ ಹೇಳುತ್ತಾರೆ. ಮದುವೆಯಲ್ಲಿ ತಂದದ್ದು ಸಾಲದೆಂದು ಸೊಸೆಯ ಸಂಬಳದ ಮೇಲೂ ಕಣ್ಣಿಡುವ ಮನೆಗಳನ್ನು ನಾವು ಕಾಣದವರಲ್ಲ. ಬರಬೇಕಾದ ಬಾಕಿ ಸಂಬಳದ ಸುದ್ದಿ ಅಂಥ ಕಡೆ ಮೊದಲು ತಲುಪಿದರೆ, ಬಂದಷ್ಟಕ್ಕೆ ರಾಜಿಯಾಗು ಎಂಬ ಒತ್ತಾಯವೂ ಅಲ್ಲಿಂದಲೇ ಶುರು.

ಆದ್ದರಿಂದ ಸಿಎನ್ಆರ್ ಸಂಖ್ಯೆಯನ್ನು ನೀವೇ ಕೇಳಿ ಪಡೆಯಿರಿ. ಪ್ರಕರಣಕ್ಕೆ ನ್ಯಾಯಾಲಯದ ಕಂಪ್ಯೂಟರು ಕೊಡುವ 16 ಅಕ್ಷರ-ಅಂಕಿಗಳ ಗುರುತು ಅದು. ನಮ್ಮ ರಾಜ್ಯದ್ದು ಇಂಗ್ಲಿಷಿನ ಕೆ, ಎ ಅಕ್ಷರಗಳಿಂದ ಆರಂಭವಾಗಿ ಇಸವಿಯಲ್ಲಿ ಮುಗಿಯುತ್ತದೆ. ಇ-ಕೋರ್ಟ್ಸ್ ಜಾಲತಾಣದಲ್ಲೋ ಆ್ಯಪ್‌ನಲ್ಲೋ ಇದನ್ನು ಹಾಕಿದರೆ ಮುಂದಿನ ವಾಯಿದೆ, ಹಿಂದೆ ನಡೆದದ್ದು, ಆದೇಶಗಳು ಕಾಣುತ್ತವೆ. ಹಣ ಕೊಡಬೇಕಿಲ್ಲ. ಹೆಸರಿನಿಂದಲೂ ಹುಡುಕಬಹುದು, ಆದರೆ ಲಕ್ಷ್ಮಮ್ಮ ಎಂಬುದನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಾರಲ್ಲ! ಇನ್ನು ಅಲ್ಲಿಯ ಪದಗಳೋ, ಪಾಠ ಹೇಳಿ ನಿವೃತ್ತಳಾದ ನನಗೇ ಒರಟೆನಿಸುತ್ತವೆ. ‘ಡಿಸ್ಪೋಸ್ಡ್’ ಎಂದರೆ ಗೆದ್ದಿರೆಂದೂ ಅಲ್ಲ, ಸೋತಿರೆಂದೂ ಅಲ್ಲ; ಆ ನ್ಯಾಯಾಲಯದಲ್ಲಿ ಮುಗಿಯಿತು ಎಂದಷ್ಟೆ. ನೀವು ಹಾಜರಾಗಲಿಲ್ಲವೆಂದು ವಜಾ ಆಗಿದ್ದರೂ ಅದೇ ಪದ. ಆದೇಶವನ್ನು ಓದಿಸಿಕೊಳ್ಳದೆ ಬಿಡಬೇಡಿ. ಮಾಲೀಕರು ಹೈಕೋರ್ಟಿಗೆ ಹೋಗಿದ್ದರೆ ಅಲ್ಲಿ ಬೇರೆಯೇ ಸಂಖ್ಯೆ.

ಕೇಸು ಕಾಣಿಸುತ್ತಲೇ ಇಲ್ಲವೇ? ಕಾರ್ಮಿಕ ಅಧಿಕಾರಿಯ ಮುಂದೆ ಸಂಧಾನದಲ್ಲಿರುವ ದೂರು ನ್ಯಾಯಾಲಯದ ಪಟ್ಟಿಗೆ ಬಂದಿರುವುದಿಲ್ಲ. ಕಚೇರಿಯಲ್ಲೇ ವಿಚಾರಿಸಬೇಕು. ತಡಮಾಡಬೇಡಿ: 2025ರ ನವೆಂಬರ್ 21ರಿಂದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದ್ದು, ಕೆಲಸದಿಂದ ತೆಗೆದದ್ದನ್ನು ಪ್ರಶ್ನಿಸಲು ಇದ್ದ 3 ವರ್ಷದ ಗಡುವು 2 ವರ್ಷಕ್ಕೆ ಇಳಿದಿದೆ. ಹಳೆಯ ಪ್ರಕರಣಗಳನ್ನು ಹೊಸ ನ್ಯಾಯಮಂಡಳಿಗೆ ವರ್ಗಾಯಿಸಬೇಕೆಂದೂ ಅದರಲ್ಲಿದೆ. ನಿಮ್ಮ ಕೇಸಿನ ಸಂಖ್ಯೆ ಬದಲಾಯಿತೇ ಎಂದು ಕೇಳುತ್ತಿರಿ.

ಪರದೆಯ ಮೇಲೆ ಹಾಕಿದ್ದೇವೆಂದು ಕಚೇರಿಗಳು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಕೇಳಿದವಳಿಗೆ ಕನ್ನಡದಲ್ಲಿ, ಚೀಟಿಯಲ್ಲಿ ಬರೆದು ವಾಯಿದೆ ತಿಳಿಸುವುದು ಅವರು ಮಾಡುವ ಉಪಕಾರವೇನಲ್ಲ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಕಾರ್ಖಾನೆಯೊಂದು 1,200ಕ್ಕೂ ಹೆಚ್ಚು ಕಾರ್ಮಿಕರನ್ನು ಹೊರಗಿಟ್ಟಾಗ, ಅವರಲ್ಲಿ ಬಹುತೇಕರು ಹೆಣ್ಣುಮಕ್ಕಳು, ಕಾರ್ಖಾನೆಯ ಮುಂದೆ ಒಟ್ಟಾಗಿ ಕುಳಿತರು. ಒಂಟಿಯಾಗಿ ಕೇಸು ಹಾಕಿದವಳಿಗೆ ಅಂಥ ಜೊತೆಯಿಲ್ಲ, ಸಂಘವೇ ಜೊತೆಯಾಗಬೇಕು. ಉಳಿತಾಯದ ಪುಸ್ತಕದ ಪಕ್ಕದಲ್ಲಿ ವಾಯಿದೆಯ ಪುಸ್ತಕವೊಂದಿರಲಿ. ಒಪ್ಪಿದ ಸದಸ್ಯೆಯರ ಸಂಖ್ಯೆಗಳನ್ನು ಅದರಲ್ಲಿ ಬರೆದು, ವಾರದ ಸಭೆಯಲ್ಲಿ ಓದುಬರಹ ಬಲ್ಲ ಒಬ್ಬಳು ನೋಡಿ ಹೇಳಲಿ.

ವಕೀಲರಿಲ್ಲವೆಂದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವಿದೆ. ತುಮಕೂರಿನಲ್ಲಿ ಜಿಲ್ಲಾ ಪ್ರಾಧಿಕಾರ, ಗುಬ್ಬಿ, ಕುಣಿಗಲ್‌ಗಳಲ್ಲಿ ತಾಲ್ಲೂಕು ಸಮಿತಿ, ಫೋನಿನಲ್ಲಾದರೆ 15100. ಅರ್ಜಿಯಲ್ಲಿ ಮೊಬೈಲ್ ನಂಬರು ಕೇಳಿದಾಗ ನಿಮ್ಮದನ್ನೇ ಬರೆಸಿ.